ಕೈಗೆ ಸಿಗದ ಸಂಗ್ರಹ: ನಂಬರ್ ಪ್ಲೇಟಿನ ಮೋಹ

ಅಂಚೆಚೀಟಿ, ಹಳೆಯ ನಾಣ್ಯ, ಬೆಂಕಿಪೊಟ್ಟಣದ ಚಿತ್ರ, ಸಂತರ ಪುಟ್ಟ ಪಟಗಳು - ಇವುಗಳಲ್ಲಿ ಒಂದನ್ನಾದರೂ ಬಾಲ್ಯದಲ್ಲಿ ಕೂಡಿಡದವರು ನಮ್ಮ ಓದುಗರಲ್ಲಿ ವಿರಳ. ಈ ಹವ್ಯಾಸಗಳಿಗೆಲ್ಲ ಸಮಾನವಾದ ಒಂದು ಲಕ್ಷಣವುಂಟು. ಕೂಡಿಟ್ಟದ್ದನ್ನು ಕೈಯಲ್ಲಿ ಹಿಡಿದು ನೋಡಬಹುದು; ಪೆಟ್ಟಿಗೆಯಲ್ಲಿರಿಸಿ ಮಕ್ಕಳ ಪಾಲಿಗೆ ಬಿಟ್ಟುಹೋಗಬಹುದು. ಆದರೆ ಬ್ರಿಟನ್ನಿನಲ್ಲಿ ಅಸಂಖ್ಯ ಜನರನ್ನು ಆವರಿಸಿಕೊಂಡಿರುವ ಒಂದು ಹವ್ಯಾಸದಲ್ಲಿ ಸಂಗ್ರಾಹಕನ ಕೈಗೆ ವಸ್ತುವೆಂಬುದೇ ಬರುವುದಿಲ್ಲ. ಲಕ್ಷಗಟ್ಟಲೆ ಪೌಂಡ್ ತೆತ್ತು ಆತ ಪಡೆಯುವುದು ಒಂದು ಅಕ್ಷರ, ಒಂದು ಅಂಕಿ, ಅವೆರಡನ್ನೂ ತನ್ನ ಕಾರಿನ ಮುಂದೆ ಹಿಂದೆ ತೂಗುಹಾಕಿಕೊಳ್ಳುವ ಅನುಮತಿ, ಅಷ್ಟೇ. ನಮ್ಮಲ್ಲಿ 'ಫ್ಯಾನ್ಸಿ ನಂಬರ್' ಎಂದು ಕರೆಯುವ ಮೋಹಕ್ಕೆ ಅಲ್ಲಿ ನೂರಿಪ್ಪತ್ತು ವರ್ಷಗಳ ಇತಿಹಾಸವೇ ಇದೆ.

ಆ ದೇಶದ ನಿಯಮ ನಮ್ಮದಕ್ಕಿಂತ ಬೇರೆ. ಅಲ್ಲಿ ನೋಂದಣಿ ಸಂಖ್ಯೆಯನ್ನು ವಾಹನದಿಂದ ಬಿಡಿಸಿ ಮಾರಬಹುದು, ಕೊಳ್ಳಬಹುದು, ಯಾವ ವಾಹನಕ್ಕೂ ಜೋಡಿಸದೆ ಬರಿಯ ಕಾಗದದಲ್ಲಿಯೇ ಇರಿಸಿಕೊಳ್ಳಲೂಬಹುದು. ವೇಲ್ಸ್ ಪ್ರಾಂತದ ಸ್ವಾನ್ಸಿ ನಗರದಲ್ಲಿರುವ ಸರಕಾರಿ ವಾಹನ ಸಂಸ್ಥೆಯು, ಅಂದರೆ ಡಿವಿಎಲ್‌ಎ, ಅದಕ್ಕೊಂದು ಪ್ರಮಾಣಪತ್ರವನ್ನು ಕೊಡುತ್ತದೆ. ಅದರ ಅವಧಿ ಹತ್ತು ವರ್ಷ, ಬೇಕಾದವರು ಮುಂದುವರಿಸಿಕೊಳ್ಳಬಹುದು. ತಗಡನ್ನಾದರೋ ಪರವಾನಿಗೆಯುಳ್ಳ ಯಾವ ಅಂಗಡಿಯವನೂ ಕೆಲವೇ ಪೌಂಡಿಗೆ ಮಾಡಿಕೊಡುತ್ತಾನೆ. ಆದುದರಿಂದ ಐದು ಲಕ್ಷ ಪೌಂಡಿನ ಸಂಖ್ಯೆಯ ಫಲಕಕ್ಕೂ ನೆರೆಮನೆಯವನ ಹಳೆಯ ಗಾಡಿಯ ಫಲಕಕ್ಕೂ ವಸ್ತುವಿನ ಲೆಕ್ಕದಲ್ಲಿ ಭೇದವಿಲ್ಲ. ಇನ್ನೂ ಸೋಜಿಗದ ಮಾತೆಂದರೆ, ಇಷ್ಟೆಲ್ಲ ಹಣ ಸುರಿದ ಮೇಲೂ ಸಂಖ್ಯೆ ಅವನದಾಗುವುದಿಲ್ಲ. ಅದು ಸರಕಾರದ್ದು. ನಿಯಮ ಮೀರಿ ಅದನ್ನು ಪ್ರದರ್ಶಿಸಿದರೆ ಹಿಂದಕ್ಕೆ ಪಡೆಯುವ ಅಧಿಕಾರ ಇಲಾಖೆಗಿದೆ.

ಈ ಸಂಖ್ಯೆ ಹುಟ್ಟಿದ್ದಾದರೂ ಏತಕ್ಕೆ? ಗೌರವಕ್ಕಂತೂ ಅಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಹಳ್ಳಿಗಾಡಿನ ದಾರಿಗಳಲ್ಲಿ ಮೋಟಾರುಗಳು ಧೂಳೆಬ್ಬಿಸುತ್ತ ಓಡತೊಡಗಿದಾಗ ಕುದುರೆಗಳು ಬೆದರಿದವು, ಕೋಳಿಗಳು ಸತ್ತವು, ನಡೆದುಹೋಗುವವರು ಚರಂಡಿಗೆ ಹಾರಿದರು. ಧೂಳಿನ ಮರೆಯಲ್ಲಿ ಮಾಯವಾದ ಗಾಡಿ ಯಾರದೆಂದು ಹೇಳಲು ಯಾರಿಂದಲೂ ಆಗುತ್ತಿರಲಿಲ್ಲ. 1903ರ ಮೋಟಾರು ಕಾರು ಕಾಯಿದೆ ಒಂದು ಬಗೆಯ ಒಪ್ಪಂದ. ಗಂಟೆಗೆ 14 ಮೈಲಿಯಿದ್ದ ವೇಗದ ಮಿತಿಯನ್ನು 20 ಮೈಲಿಗೆ ಏರಿಸಿದ ಪಾರ್ಲಿಮೆಂಟು ಅದಕ್ಕೆ ಬದಲಾಗಿ, 1904ರ ಜನವರಿ ಒಂದರಿಂದ ಪ್ರತಿಯೊಂದು ಮೋಟಾರಿನ ಮೇಲೂ ದೂರದಿಂದಲೇ ಕಾಣುವಂತಹ ಸಂಖ್ಯೆ ಇರಬೇಕೆಂದು ವಿಧಿಸಿತು. ಎಂತಹ ಸಿರಿವಂತನೇ ಇರಲಿ, ಗುದ್ದಿ ಓಡಿಹೋದರೆ ರಸ್ತೆಬದಿಯ ಕೂಲಿಯಾಳೂ ನಾಲ್ಕು ಅಕ್ಷರ ನೆನಪಿಟ್ಟುಕೊಂಡು ಅವನನ್ನು ನ್ಯಾಯಾಲಯಕ್ಕೆ ಎಳೆಯಬಹುದು: ಫಲಕದ ಹಿಂದಿನ ಉದ್ದೇಶ ಇದೇ.

ಸಿರಿವಂತರಿಗೆ ಇದು ರುಚಿಸಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಲಂಡನ್ನಿನ ಬಾಡಿಗೆ ಜಟಕಾಗಳಿಗೆ ಮೊದಲಿನಿಂದಲೂ ಸಂಖ್ಯೆ ಇತ್ತು; ತಮ್ಮಂತಹ ಕುಲೀನರ ಬೆನ್ನಿಗೂ ಅದೇ ಮುದ್ರೆಯೇ ಎಂದು ಅವರು ಮುನಿದರು. ಆದರೆ ಕಾಯಿದೆ ಜಾರಿಗೆ ಬರುತ್ತಿದ್ದಂತೆಯೇ ಮುನಿಸು ಮೋಹವಾಗಿ ಮಾರ್ಪಟ್ಟಿತು. ಲಂಡನ್ ಕೌಂಟಿಗೆ 'ಎ' ಅಕ್ಷರ ಬಂದಿತ್ತು. ಅದರ ಮೊದಲ ಸಂಖ್ಯೆಯಾದ 'ಎ 1' ದೊರೆತದ್ದು ಎರಡನೆಯ ಅರ್ಲ್ ರಸ್ಸೆಲ್ ಅವರಿಗೆ. ಅದಕ್ಕಾಗಿ ರಾತ್ರಿಯಿಡೀ ಸರದಿಯಲ್ಲಿ ಕಾದ ಕತೆ ಇಂದಿಗೂ ಪ್ರಚಾರದಲ್ಲಿದೆ. ಇದೇ ಬ್ರಿಟನ್ನಿನ ಮೊತ್ತಮೊದಲ ಸಂಖ್ಯೆ ಎಂದು ಅನೇಕರು ಬರೆಯುತ್ತಾರಾದರೂ ಹೇಸ್ಟಿಂಗ್ಸ್ ಪಟ್ಟಣವು 1903ರ ನವೆಂಬರ್‌ನಲ್ಲಿಯೇ 'ಡಿವೈ 1' ಎಂಬುದನ್ನು ಕೊಟ್ಟಾಗಿತ್ತು.

ರಸ್ಸೆಲ್ ಅವರ ವಿಷಯದಲ್ಲಿ ಒಂದೆರಡು ಮಾತು ಹೆಚ್ಚಾದರೆ ಓದುಗರು ಮನ್ನಿಸಬೇಕು. ಏಕೆಂದರೆ ಅವರ ಬದುಕೇ ಒಂದು ವಿಚಿತ್ರ. ಇವರು ದಾರ್ಶನಿಕ ಬರ್ಟ್ರಂಡ್ ರಸ್ಸೆಲ್ಲರ ಅಣ್ಣ. ಮೊದಲ ವಿವಾಹ ಕಾನೂನುಬದ್ಧವಾಗಿ ಮುಗಿಯುವ ಮುನ್ನವೇ ಎರಡನೆಯದನ್ನು ಮಾಡಿಕೊಂಡ ತಪ್ಪಿಗಾಗಿ 1901ರಲ್ಲಿ ಪ್ರಭುಗಳ ಸಭೆಯೇ ಇವರನ್ನು ವಿಚಾರಿಸಿ ಮೂರು ತಿಂಗಳ ಸೆರೆವಾಸ ವಿಧಿಸಿತ್ತು. ಸೆರೆಮನೆಯಿಂದ ಹೊರಬಂದು ಮೂರು ವರ್ಷ ತುಂಬುವುದರೊಳಗೆ ರಾಜಧಾನಿಯ ಒಂದನೆಯ ನಂಬರು! ಮುಂದೆ ಲೇಬರ್ ಸರಕಾರದಲ್ಲಿ ಸಾರಿಗೆ ಖಾತೆಯಲ್ಲಿದ್ದು, ಬಳಿಕ 1931ರಲ್ಲಿ ಮರಣಹೊಂದುವವರೆಗೂ ಇಂಡಿಯಾ ಖಾತೆಯ ಉಪಸಚಿವರಾಗಿದ್ದರು. ಗಾಂಧೀಜಿಯವರು ಉಪ್ಪಿಗಾಗಿ ದಂಡಿಗೆ ನಡೆದುಹೋದ ಆ ದಿನಗಳಲ್ಲಿ ಲಂಡನ್ನಿನಲ್ಲಿ ನಮ್ಮ ದೇಶದ ಕಡತಗಳನ್ನು ನೋಡುತ್ತಿದ್ದವರಲ್ಲಿ 'ಎ 1'ರ ಮೊದಲ ಯಜಮಾನರೂ ಒಬ್ಬರು.

ಅಕ್ಷರಗಳಿಂದಲೂ ಮಾನಾಪಮಾನಗಳು ಹುಟ್ಟಿದವು. ಡಾರ್ಸೆಟ್ ಕೌಂಟಿಗೆ 'ಬಿಎಫ್' ಎಂಬ ಜೋಡಿ ಬಂದಿತ್ತು. ಇಂಗ್ಲಿಷರ ಆಡುಮಾತಿನಲ್ಲಿ ಅದು ಶುದ್ಧ ಮೂರ್ಖನೆಂಬುದಕ್ಕೆ ಸಂಕ್ಷೇಪ. ಅದನ್ನು ಹೊತ್ತು ತಿರುಗಲು ಅಲ್ಲಿನ ಮಾನವಂತರು ಒಪ್ಪಲಿಲ್ಲ. 1904 ಮುಗಿಯುವಷ್ಟರಲ್ಲಿ 'ಎಫ್‌ಎಕ್ಸ್' ಎಂಬ ನಿರುಪದ್ರವಿ ಜೋಡಿ ಬಂದಿತು. ಫಲಕದ ಮೇಲಿನ ಅಕ್ಷರ ಬರಿಯ ಗುರುತಲ್ಲ, ಅದು ತನ್ನನ್ನು ಕುರಿತು ಏನನ್ನೋ ಹೇಳುತ್ತದೆಂದು ಜನ ನಂಬಿದ್ದಕ್ಕೆ ಇಷ್ಟು ಹಳೆಯ ಸಾಕ್ಷ್ಯವಿದೆ.

ದಶಕಗಳ ಕಾಲ ಇದು ಗೆಳೆಯರೊಳಗಿನ, ಬಂಧುಗಳೊಳಗಿನ ವ್ಯವಹಾರವಾಗಿತ್ತು. ಮೋಹಕ್ಕೆ ಮಾರುಕಟ್ಟೆಯ ರೂಪ ಬಂದದ್ದು 1963ರ ತರುವಾಯ. ಆ ವರ್ಷದಿಂದ ಸಂಖ್ಯೆಯ ಕೊನೆಯಲ್ಲಿ ವರ್ಷಸೂಚಕ ಅಕ್ಷರವೊಂದು ಸೇರತೊಡಗಿತು. 1983ರಲ್ಲಿ ಆ ಅಕ್ಷರ ಮೊದಲಿಗೆ ಬಂತು. 2001ರಲ್ಲಿ ಮತ್ತೊಮ್ಮೆ ಕ್ರಮ ಬದಲಾಯಿತು. ಫಲಕವನ್ನು ನೋಡಿದ ಮಾತ್ರಕ್ಕೇ ಕಾರಿನ ಪ್ರಾಯ ಬೀದಿಗೆಲ್ಲ ತಿಳಿಯುವಂತಾದ ಮೇಲೆ, ವರ್ಷಸೂಚಕವಿಲ್ಲದ ಹಳೆಯ ಸಂಖ್ಯೆಗಳಿಗೆ ಎಲ್ಲಿಲ್ಲದ ಬೆಲೆ. ಕಾರು ಹಳೆಯದಾದರೂ ಹಳೆಯದೆಂದು ತೋರದು. ಹೆಚ್ಚು ಹಣವಿಲ್ಲದವರು ಉತ್ತರ ಐರ್ಲೆಂಡಿನ ಸಂಖ್ಯೆಗಳನ್ನು ತರಿಸಿಕೊಂಡರು. ಅಲ್ಲಿ ವರ್ಷಸೂಚಕವಿಲ್ಲದ ಹಳೆಯ ಕ್ರಮವೇ ಇಂದಿಗೂ ಉಳಿದಿದೆ. ಕಾರಿನ ಪ್ರಾಯವನ್ನು ಮರೆಮಾಚಲು ಕಾನೂನು ಅಡ್ಡಿಯೊಡ್ಡದು. ಇದ್ದುದಕ್ಕಿಂತ ಹೊಸದೆಂದು ಸುಳ್ಳು ಹೇಳುವ ಸಂಖ್ಯೆಯನ್ನು ಮಾತ್ರ ಹಾಕುವಂತಿಲ್ಲ. ವಯಸ್ಸನ್ನು ಹೇಳದಿರುವುದು ಬೇರೆ, ಸುಳ್ಳು ವಯಸ್ಸು ಹೇಳುವುದು ಬೇರೆ ಎಂಬ ಈ ಸೂಕ್ಷ್ಮ ವಿವೇಚನೆ ಇಂಗ್ಲಿಷರಿಗೇ ಹೊಳೆಯಬೇಕು.

ಇದರ ನಡುವೆ ಒಂದು ದೊಡ್ಡ ನಷ್ಟವೂ ಸಂಭವಿಸಿತು. 1974ರಲ್ಲಿ ಕೌಂಟಿಗಳ ಕೈಯಲ್ಲಿದ್ದ ನೋಂದಣಿ ಕಾರ್ಯ ಸ್ವಾನ್ಸಿಯ ಕೇಂದ್ರ ಕಚೇರಿಗೆ ಹೋಯಿತು. ಹಳೆಯ ಗಾಡಿಗಳ ವಿವರಗಳನ್ನು ಹೊಸ ಗಣಕಕ್ಕೆ ಸೇರಿಸಲು 1983ರವರೆಗೆ ಅವಕಾಶವಿತ್ತು. ಕೊಟ್ಟಿಗೆಯ ಮೂಲೆಯಲ್ಲಿ ಹುಲ್ಲಿನ ಕೆಳಗೆ ಮರೆತುಹೋಗಿದ್ದ ಎಷ್ಟೋ ಕಾರುಗಳ ಮಾಲಿಕರು ಅರ್ಜಿ ಹಾಕಲೇ ಇಲ್ಲ. ಅವರ ಸಂಖ್ಯೆಗಳು ಅನೂರ್ಜಿತವಾದವು. ಹಳೆಯ ಕಾರುಗಳ ಸಂಘಗಳ ನೆರವಿನಿಂದ, ಹಳೆಯ ದಾಖಲೆ ಒದಗಿಸಿ, ಅಂತಹ ಸಂಖ್ಯೆಯನ್ನು ಅದೇ ಕಾರಿಗೆ ಮರಳಿ ಪಡೆಯಲು ಒಂದು ವ್ಯವಸ್ಥೆ ಇದೆ. ಹಾಗೆ ಮರಳಿ ಪಡೆದ ಸಂಖ್ಯೆಯನ್ನು ಮಾತ್ರ ಬೇರೆಡೆಗೆ ವರ್ಗಾಯಿಸಿ ಮಾರುವಂತಿಲ್ಲ. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ನಿಯಮ ಇದು. ಸಂಖ್ಯೆಯ ಮೇಲಿನ ಪ್ರೀತಿಯನ್ನೂ ಸಂಖ್ಯೆಯ ಬೆಲೆಯ ಮೇಲಿನ ಪ್ರೀತಿಯನ್ನೂ ಇದು ಬೇರ್ಪಡಿಸುತ್ತದೆ.

ಬೆಲೆಯ ಮಾತಿಗೆ ಬರೋಣ. ಜನ ತಮ್ಮತಮ್ಮೊಳಗೆ ಇಷ್ಟೊಂದು ಹಣ ಕೈ ಬದಲಾಯಿಸುವುದನ್ನು ನೋಡುತ್ತ ಸರಕಾರ ಎಷ್ಟು ದಿನ ಸುಮ್ಮನಿದ್ದೀತು? ಹಿಂದೆ ಯಾರಿಗೂ ಕೊಡದೆ ಉಳಿಸಿಕೊಂಡಿದ್ದ ಆಕರ್ಷಕ ಸಂಖ್ಯೆಗಳನ್ನು 1989ರಲ್ಲಿ ಅದು ತಾನೇ ಮಾರಲು ಹೊರಟಿತು. ಮೊದಲ ಹರಾಜು ನಡೆದದ್ದು ಮಹಾ ಚಿತ್ರಕಾರರ ಕೃತಿಗಳನ್ನು ಮಾರುವ ಕ್ರಿಸ್ಟೀಸ್ ಸಂಸ್ಥೆಯ ಮೂಲಕ. 1993ರಲ್ಲಿ 'ಕೆ1 ಎನ್‌ಜಿಎಸ್' ಎಂಬುದು ಎರಡು ಲಕ್ಷ ಪೌಂಡಿಗೂ ಮಿಕ್ಕಿ ಹೋಯಿತು. ಒಂದನ್ನು ಇಂಗ್ಲಿಷಿನ 'ಐ' ಎಂದು ಓದಿದರೆ 'ಕಿಂಗ್ಸ್', ಎಂದರೆ ರಾಜರುಗಳು, ಎಂದಾಗುತ್ತದೆ. 2006ರಲ್ಲಿ '51 ಎನ್‌ಜಿಎಚ್' ಎಂಬುದಕ್ಕೆ ಎರಡೂವರೆ ಲಕ್ಷ ಪೌಂಡ್ ಬಂತು. ಐದು ಇಂಗ್ಲಿಷಿನ 'ಎಸ್' ಅಕ್ಷರದಂತೆ, ಒಂದು 'ಐ' ಅಕ್ಷರದಂತೆ ಕಾಣುವುದರಿಂದ ಪಂಜಾಬದ ಮೂಲದವರಿಗೆ ಅದು 'ಸಿಂಗ್'. ಎಸೆಕ್ಸ್ ಕೌಂಟಿಯ ಮೊದಲ ಸಂಖ್ಯೆಯಾಗಿದ್ದು ಬಹುಕಾಲ ಅಲ್ಲಿನ ಕೌನ್ಸಿಲ್‌ನ ಕಾರಿನ ಮೇಲಿದ್ದ 'ಎಫ್ 1'ನ್ನು 2008ರಲ್ಲಿ ವಾಹನ ವಿನ್ಯಾಸದ ಉದ್ಯಮಿ ಅಫ್ಜಲ್ ಕಾನ್ ತೆರಿಗೆ ಸೇರಿ 4,40,625 ಪೌಂಡಿಗೆ ಕೊಂಡರು. ಮೋಟಾರು ಓಟದ ಹೆಸರೂ ಅದೇ ಆಗಿರುವುದು ಅದರ ಭಾಗ್ಯ. ಅದೇ ವರ್ಷ ಎಡಿನ್‌ಬರೋದ ಮೊದಲ ಸಂಖ್ಯೆಯಾದ 'ಎಸ್ 1' 3,97,500 ಪೌಂಡಿಗೆ ಹೋಯಿತು. 2014ರ ನವೆಂಬರ್‌ನಲ್ಲಿ ಫೆರಾರಿ ಕಾರುಗಳ ವ್ಯಾಪಾರಿ ಜಾನ್ ಕಾಲಿನ್ಸ್ '25 ಓ' ಎಂಬುದಕ್ಕೆ ಶುಲ್ಕ ತೆರಿಗೆಗಳೆಲ್ಲ ಸೇರಿ 5 ಲಕ್ಷ 18 ಸಾವಿರ ಪೌಂಡ್ ತೆತ್ತರು. 'ಓ' ಅಕ್ಷರವನ್ನು ಸೊನ್ನೆಯೆಂದು ಓದಿದರೆ ಅದು 250. ಫೆರಾರಿಯ ಹಳೆಯ ಮಾದರಿಯೊಂದರ ಹೆಸರು. ಇಂತಹ ಮಾರಾಟಗಳಿಂದ ಬ್ರಿಟಿಷ್ ಬೊಕ್ಕಸಕ್ಕೆ ಈವರೆಗೆ ಸೇರಿರುವ ಹಣ ನೂರು ಕೋಟಿ ಪೌಂಡಿಗಿಂತ ಹೆಚ್ಚು. ಯಾರನ್ನೂ ಪೀಡಿಸದೆ, ತಾವಾಗಿಯೇ ಮುಂದೆ ಬಂದು ಕಟ್ಟುವ ಇಂತಹ ತೆರಿಗೆ ಮತ್ತೊಂದಿರಲಾರದು.

ಆದರೂ ಈ ಹವ್ಯಾಸಿಗಳೆಲ್ಲ ಕೋಟ್ಯಧೀಶರೆಂದು ಭಾವಿಸಿದರೆ ಅದು ಅನ್ಯಾಯ. ಇಂಗ್ಲಿಷರು ಇದನ್ನು ಅಕ್ಕರೆಯ ಸಂಖ್ಯೆ ಎಂಬರ್ಥದ ಹೆಸರಿನಿಂದಲೇ ಕರೆಯುತ್ತಾರೆ. ತಂದೆ ಕೊಂಡ ಮೊದಲ ಕಾರಿನ ಸಂಖ್ಯೆಯನ್ನು ಮಗ, ಮಗನಿಂದ ಮೊಮ್ಮಗಳು, ಹೀಗೆ ಗಾಡಿಯಿಂದ ಗಾಡಿಗೆ ಸಾಗಿಸಿಕೊಂಡು ಬರುವ ಸಂಸಾರಗಳು ಅಲ್ಲಿವೆ. ಕಾರು ತುಕ್ಕು ಹಿಡಿದು ಗುಜರಿಗೆ ಹೋಗಿ ಅರ್ಧ ಶತಮಾನವಾದರೂ ಅದರ ಹೆಸರು ಇನ್ನೊಂದರ ಮೇಲೆ ಬದುಕಿರುತ್ತದೆ. ವರ್ಗಾವಣೆಯ ಸರಕಾರಿ ಶುಲ್ಕ 80 ಪೌಂಡ್. ಯಜಮಾನನು ತೀರಿಕೊಂಡರೆ ಉತ್ತರಾಧಿಕಾರಿಗಳು ಪಡೆಯುವುದಕ್ಕೂ ಕ್ರಮವಿದೆ. ಹಾಸ್ಯನಟ ಜಿಮ್ಮಿ ಟಾರ್ಬಕ್ 'ಕಾಮಿಕ್' ಎಂದು ಓದಿಸಿಕೊಳ್ಳುವ ಸಂಖ್ಯೆಯನ್ನೂ, ಜಾದೂಗಾರ ಪಾಲ್ ಡೇನಿಯಲ್ಸ್ 'ಮ್ಯಾಜಿಕ್' ಎಂದು ಓದಿಸಿಕೊಳ್ಳುವುದನ್ನೂ ಇರಿಸಿಕೊಂಡು ಜನರನ್ನು ನಗಿಸಿದ್ದುಂಟು. ಇದರಲ್ಲಿ ದೋಷ ಹುಡುಕುವುದು ಕಷ್ಟ.

ದೋಷವಿರುವುದು ಬೇರೆಡೆ. ಬಯಸಿದ ಹೆಸರು ಸರಿಯಾಗಿ ಮೂಡಲೆಂದು ಕೆಲವರು ಅಕ್ಷರಗಳ ನಡುವಿನ ಅಂತರವನ್ನು ತಿದ್ದುತ್ತಾರೆ, ಕಪ್ಪು ತಿರುಪುಮೊಳೆಯೊಂದನ್ನು ಕೂರಿಸಿ ಅಂಕಿಯನ್ನು ಅಕ್ಷರವಾಗಿಸುತ್ತಾರೆ. ಹಾಗೆ ಮಾಡಿದೊಡನೆ ಫಲಕದ ಮೂಲ ಉದ್ದೇಶವೇ ಕೆಡುತ್ತದೆ. ದಾರಿಯಲ್ಲಿ ಬಿದ್ದವನು ಓದಿದ್ದು ಹೆಸರು, ದಾಖಲೆಯಲ್ಲಿರುವುದು ಸಂಖ್ಯೆ. ಆದುದರಿಂದಲೇ ಅಲ್ಲಿ ಅಕ್ಷರದ ಆಕಾರ, ಎತ್ತರ, ಅಂತರಗಳೆಲ್ಲ ನಿಗದಿಯಾಗಿವೆ. ತಪ್ಪಿದವರಿಗೆ ಸಾವಿರ ಪೌಂಡಿನವರೆಗೆ ದಂಡವಿದೆ.

ಅಮೆರಿಕೆಯ ಕತೆ ತಿರುವುಮುರುವು. ಅಲ್ಲಿ ಮೊದಲು ಬಂದದ್ದು ಹೆಸರು, ಆಮೇಲೆ ಸಂಖ್ಯೆ. ನ್ಯೂಯಾರ್ಕ್ ರಾಜ್ಯವು 1901ರಲ್ಲಿ ಫಲಕವನ್ನು ಕಡ್ಡಾಯಗೊಳಿಸಿದಾಗ ಪ್ರತಿಯೊಬ್ಬರೂ ತಮ್ಮ ಹೆಸರಿನ ಮೊದಲಕ್ಷರಗಳನ್ನೇ ಕಾರಿನ ಹಿಂದೆ ಬರೆಸಬೇಕಿತ್ತು. ಚರ್ಮ, ಮರ, ತಗಡು, ಯಾವುದಾದರೂ ಸರಿ, ಮನೆಯಲ್ಲೇ ಮಾಡಿಕೊಳ್ಳಬೇಕು. ಒಂದೇ ಮೊದಲಕ್ಷರದ ಜನ ಊರುತುಂಬ ಇರುತ್ತಾರೆಂಬುದು ಬೇಗನೆ ಅರಿವಿಗೆ ಬಂತು. ಎರಡು ವರ್ಷಗಳಲ್ಲಿ ಸಂಖ್ಯೆಗಳು ಬಂದವು. ಹೆಸರಿನ ಆಸೆ ಮಾತ್ರ ಹೋಗಲಿಲ್ಲ. 1937ರಲ್ಲಿ ಕನೆಕ್ಟಿಕಟ್ ರಾಜ್ಯವು ಚಾಲನೆಯಲ್ಲಿ ಕಳಂಕವಿಲ್ಲದವರಿಗೆ ಬಹುಮಾನವಾಗಿ ಮೊದಲಕ್ಷರಗಳ ಫಲಕವನ್ನು ಕೊಡತೊಡಗಿತು. ನನ್ನ ಮಟ್ಟಿಗೆ, ಹೆಸರಿನ ಫಲಕಕ್ಕೆ ಇದುವರೆಗೆ ಯಾರಾದರೂ ಇಟ್ಟ ಅತ್ಯಂತ ಸಮಂಜಸವಾದ ಬೆಲೆ ಅದೇ. ಕ್ಯಾಲಿಫೋರ್ನಿಯಾ 1970ರಿಂದ ಇಷ್ಟಬಂದ ಪದಗಳ ಫಲಕವನ್ನು ಮಾರಿ ಬಂದ ಹಣವನ್ನು ಪರಿಸರ ಸಂರಕ್ಷಣೆಗೆ ವಿನಿಯೋಗಿಸುತ್ತಿದೆ. ಆ ಫಲಕಗಳು ಅಚ್ಚಾಗುವುದು ಫೋಲ್ಸಮ್ ಎಂಬಲ್ಲಿನ ಸೆರೆಮನೆಯಲ್ಲಿ. ಹೊರಗಿನವರು ತಮ್ಮ ಹೆಮ್ಮೆಯನ್ನು ಏಳು ಅಕ್ಷರಗಳಲ್ಲಿ ಬರೆದು ಕಳುಹಿಸುತ್ತಾರೆ. ಒಳಗಿರುವವರು, ಸ್ವತಃ ಒಂದೊಂದು ಸಂಖ್ಯೆಯಿಂದ ಗುರುತಿಸಲ್ಪಡುವವರು, ಅದನ್ನು ತಗಡಿನ ಮೇಲೆ ಒತ್ತಿಕೊಡುತ್ತಾರೆ.

ಲಾಸ್ ಏಂಜಲೀಸಿನ ಒಬ್ಬನ ಪ್ರಸಂಗವನ್ನು ಇಲ್ಲಿ ಹೇಳದಿದ್ದರೆ ನಷ್ಟ. 1979ರಲ್ಲಿ ಆತ ಅರ್ಜಿಯಲ್ಲಿ ನೌಕಾವಿಹಾರಕ್ಕೆ ಸಂಬಂಧಿಸಿದ ಎರಡು ಪದಗಳನ್ನು ಬರೆದು, ಅವು ಸಿಗದಿದ್ದರೆ ವಿಶೇಷ ಫಲಕವೇ ಬೇಡವೆಂಬ ಅರ್ಥದಲ್ಲಿ ಮೂರನೆಯ ಸಾಲಿನಲ್ಲಿ 'ನೋ ಪ್ಲೇಟ್' ಎಂದು ನಮೂದಿಸಿದ. ಮೊದಲೆರಡು ಬೇರೆಯವರ ಪಾಲಾಗಿದ್ದವು. ಇಲಾಖೆಯು 'ನೋ ಪ್ಲೇಟ್' ಎಂದೇ ಅಚ್ಚೊತ್ತಿದ ಫಲಕವನ್ನು ಕಳುಹಿಸಿತು. ಆಗ ಪೊಲೀಸರು ಫಲಕವಿಲ್ಲದೆ ರಸ್ತೆಬದಿಯಲ್ಲಿ ಬಿದ್ದಿರುವ ವಾಹನಗಳ ದಂಡದ ಚೀಟಿಯಲ್ಲಿ ಬರೆಯುತ್ತಿದ್ದುದೂ ಅದೇ ಎರಡು ಪದ. ಎಲ್ಲೆಲ್ಲಿಯೋ ತ್ಯಜಿಸಿದ ಕಾರುಗಳ ದಂಡವೆಲ್ಲ ಆತನ ಮನೆಬಾಗಿಲಿಗೆ ಬಂದು ಬೀಳತೊಡಗಿತು. ಎರಡು ಸಾವಿರಕ್ಕೂ ಹೆಚ್ಚು ಚೀಟಿಗಳು ಬಂದುವಂತೆ.

ತಗಡುಗಳನ್ನೇ ಪ್ರೀತಿಸುವ ಹಳೆಯ ಮಾದರಿಯ ಸಂಗ್ರಾಹಕರೂ ಅಮೆರಿಕೆಯಲ್ಲಿ ಹೆಚ್ಚು. ಅವರ ಸಂಘವೊಂದು 1954ರಿಂದ ನಡೆದುಬಂದಿದೆ. ಒಂದು ರಾಜ್ಯದ ಎಲ್ಲ ವರ್ಷಗಳ ಫಲಕಗಳನ್ನು ಬಿಡದೆ ಹೊಂದಿಸುವುದು, ಅವಧಿ ಮುಗಿದವುಗಳನ್ನು ಪರಸ್ಪರ ವಿನಿಮಯ ಮಾಡಿಕೊಳ್ಳುವುದು ಅವರ ಕ್ರಮ. ಗೋಡೆಯ ತುಂಬ ತುಕ್ಕು ಹಿಡಿದ ತಗಡು ಜೋಡಿಸಿ ಆನಂದಿಸುವವರನ್ನು ಕಂಡರೆ ಅಂಚೆಚೀಟಿಯ ನಮ್ಮ ಬಂಧುಗಳ ನೆನಪಾಗುತ್ತದೆ.

ನಮ್ಮ ಕರಾವಳಿಯ ಅನೇಕ ಕುಟುಂಬಗಳಿಗೆ ಈ ವ್ಯಾಮೋಹದ ಪರಿಚಯವಾದದ್ದು ಇಂಗ್ಲೆಂಡಿನಿಂದಲೂ ಅಲ್ಲ, ಅಮೆರಿಕೆಯಿಂದಲೂ ಅಲ್ಲ; ಕೊಲ್ಲಿ ರಾಷ್ಟ್ರಗಳಿಂದ. ಅಲ್ಲಿ ದುಡಿದು ರಜೆಗೆ ಬಂದ ಮಕ್ಕಳು ಮನೆಯ ಜಗಲಿಯಲ್ಲಿ ಕುಳಿತು ಹೇಳುವ ಸೋಜಿಗಗಳಲ್ಲಿ ಒಂದಂಕಿಯ ನಂಬರಿನ ಕಾರು ಒಂದು. ಅಬುಧಾಬಿಯಲ್ಲಿ 2008ರ ಫೆಬ್ರವರಿಯಲ್ಲಿ '1' ಎಂಬ ಏಕಾಂಕಿ ಫಲಕವು 5 ಕೋಟಿ 22 ಲಕ್ಷ ದಿರಮುಗಳಿಗೆ ಹೋಯಿತು. 2016ರಲ್ಲಿ ದುಬಾಯಿಯ 'ಡಿ 5' ಎಂಬುದನ್ನು 3 ಕೋಟಿ 30 ಲಕ್ಷ ದಿರಮುಗಳಿಗೆ ಕೊಂಡವರು ಭಾರತೀಯ ಮೂಲದ ಉದ್ಯಮಿ. 2023ರ ಏಪ್ರಿಲ್‌ನಲ್ಲಿ 'ಪಿ 7' 5 ಕೋಟಿ 50 ಲಕ್ಷ ದಿರಮುಗಳನ್ನು ತಂದಿತು.

ಕೇಳಿದೊಡನೆ ಹುಬ್ಬೇರುವುದು ಸಹಜ. ಆದರೆ ಹುಬ್ಬೇರಿಸುವ ಮುನ್ನ ನಮ್ಮ ಊರಿನ ಚರ್ಚಿನ ಏಲಂ ಅನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ಹಬ್ಬದ ಬಲಿಪೂಜೆಯ ಬಳಿಕ ಅಂಗಳದಲ್ಲಿ ಒಂದು ಕುಂಬಳಕಾಯಿ, ಒಂದು ಬಾಳೆಗೊನೆ, ಒಂದು ಹುಂಜ ಏಲಂಗೆ ಬರುತ್ತದೆ. ಪೇಟೆಯಲ್ಲಿ ನೂರು ರೂಪಾಯಿಗೆ ದೊರೆಯುವ ಕುಂಬಳಕಾಯಿಗೆ ಇಬ್ಬರು ಮಹನೀಯರು ಪಟ್ಟು ಹಿಡಿದು ಸಾವಿರಗಟ್ಟಲೆ ಕೂಗುತ್ತಾರೆ. ಕೂಗುವವನಿಗೂ ಗೊತ್ತು, ಕೇಳುವವರಿಗೂ ಗೊತ್ತು: ಮೇಲಿನ ಹಣ ಕುಂಬಳಕಾಯಿಯ ಬೆಲೆಯಲ್ಲ, ಧರ್ಮಕೇಂದ್ರಕ್ಕೆ ಕೊಡುವ ಕಾಣಿಕೆ, ಜತೆಗೆ ನಾಲ್ವರೆದುರು ಗೆದ್ದೆನೆಂಬ ಒಂದಿಷ್ಟು ಸಂತೋಷ. 'ಪಿ 7'ರ ಹರಾಜಿನ ಹಣ ಹೋದದ್ದು ಜಗತ್ತಿನ ಹಸಿದವರಿಗೆ ನೂರು ಕೋಟಿ ಊಟ ಒದಗಿಸುವ ಯೋಜನೆಯ ನಿಧಿಗೆ. ಅಬುಧಾಬಿಯ ಹರಾಜಿನ ಹಣ ಮೀಸಲಾದದ್ದು ರಸ್ತೆ ಅಪಘಾತಗಳಲ್ಲಿ ಗಾಯಗೊಂಡವರ ಶುಶ್ರೂಷೆಗೆ. ಹಾಂಗ್‌ಕಾಂಗಿನ ಸರಕಾರವೂ 1973ರಿಂದ ನಡೆಸಿಬಂದಿರುವ ವಿಶೇಷ ಸಂಖ್ಯೆಗಳ ಹರಾಜಿನ ಹಣವನ್ನು ಸಮಾಜ ಕಲ್ಯಾಣದ ನಿಧಿಗೆ ಹಾಕುತ್ತದೆ. ಅಲ್ಲಿ '28' ಎಂಬುದು ಸುಲಭ ಸಂಪತ್ತು ಎಂಬಂತೆ ಕೇಳಿಸುವುದರಿಂದ 2016ರಲ್ಲಿ ಅದಕ್ಕೆ ಒಂದು ಕೋಟಿ 81 ಲಕ್ಷ ಹಾಂಗ್‌ಕಾಂಗ್ ಡಾಲರ್ ಬಂತು. ನಾಲ್ಕನ್ನು ಮಾತ್ರ ಯಾರೂ ಬಯಸರು. ಅವರ ನುಡಿಯಲ್ಲಿ ಅದು ಸಾವೆಂಬಂತೆ ಕೇಳಿಸುತ್ತದೆ. ಕೊಂಡವನ ಮನಸ್ಸಿನಲ್ಲಿ ದಾನವೆಷ್ಟು, ಪ್ರತಿಷ್ಠೆಯೆಷ್ಟು ಎಂದು ತೂಗುವ ಅಧಿಕಾರ ನಮಗಿಲ್ಲ. ಚರ್ಚಿನ ಅಂಗಳದಲ್ಲಿಯೂ ನಾವದನ್ನು ತೂಗಲು ಹೋಗುವುದಿಲ್ಲ.

ನಂಬರುಗಳ ಲೋಕದಲ್ಲಿ ವ್ಯಾಟಿಕನ್ ನಗರಕ್ಕೂ ಒಂದು ಸ್ಥಾನವಿದೆ. ಅಲ್ಲಿನ ಅಧಿಕೃತ ವಾಹನಗಳ ಫಲಕದ ಮೇಲಿರುವುದು 'ಎಸ್‌ಸಿವಿ' ಎಂಬ ಮೂರಕ್ಷರ. ವ್ಯಾಟಿಕನ್ ನಗರ ರಾಜ್ಯವೆಂಬುದಕ್ಕೆ ಇಟಾಲಿಯನ್ ಭಾಷೆಯ ಸಂಕ್ಷೇಪ. ಜಗದ್ಗುರುಗಳ ವಾಹನಕ್ಕೆ ಸಂಪ್ರದಾಯದಂತೆ 'ಎಸ್‌ಸಿವಿ 1'. ರೋಮ್ ನಗರದ ಜನ ನಾಲಿಗೆಗೆ ಪ್ರಸಿದ್ಧರು. ಆ ಮೂರಕ್ಷರಗಳನ್ನು ಅವರು 'ಕ್ರಿಸ್ತನು ನೋಡಿದ್ದರೆ!' ಎಂಬ ವಾಕ್ಯದ ಸಂಕ್ಷೇಪವೆಂದು ವ್ಯಾಖ್ಯಾನಿಸುತ್ತಾರೆ. ತಿರುಗಿಸಿ ಓದಿದರೆ 'ತಕ್ಷಣವೇ ನಿಮ್ಮನ್ನು ಹೊರಗಟ್ಟುತ್ತಿದ್ದ' ಎಂದಾಗುತ್ತದಂತೆ. 2013ರಲ್ಲಿ ಪೀಠವನ್ನೇರಿದ ಜಗದ್ಗುರು ಫ್ರಾನ್ಸಿಸ್ ಅವರು ಒಂದು ಸಾಧಾರಣ ಫೋರ್ಡ್ ಫೋಕಸ್ ಕಾರಿನಲ್ಲಿ ಸಂಚರಿಸತೊಡಗಿದಾಗ ಅದರ ಮೇಲೆ ಒಂದನೆಯ ನಂಬರು ಇರಲಿಲ್ಲ. ಅದೇ ಮೂರಕ್ಷರಗಳ ಮುಂದೆ ಸಾಲಿನ ನಡುವಿನ ಯಾವುದೋ ಐದಂಕಿ.

ಒಂದನೆಯ ನಂಬರಿಗಿಂತಲೂ ಮೇಲಿನ ಪದವಿ ಮತ್ತೊಂದುಂಟು: ನಂಬರೇ ಇಲ್ಲದಿರುವುದು. ಬ್ರಿಟನ್ನಿನ ಅರಸರ ರಾಜಕೀಯ ಸಮಾರಂಭದ ಕಾರುಗಳಿಗೆ ಫಲಕವಿಲ್ಲ. ನಮ್ಮ ದೇಶದಲ್ಲಿಯೂ ರಾಷ್ಟ್ರಪತಿ, ರಾಜ್ಯಪಾಲರೇ ಮೊದಲಾದವರ ಕಾರುಗಳ ಮೇಲೆ ಬಹುಕಾಲ ಅಶೋಕ ಲಾಂಛನ ಮಾತ್ರವೇ ಇರುತ್ತಿತ್ತು. ಇಂತಹ ವಾಹನ ಯಾರಿಗಾದರೂ ಬಡಿದರೆ ಆ ನತದೃಷ್ಟನು ದೂರಿನಲ್ಲಿ ಏನೆಂದು ಬರೆಯಬೇಕು ಎಂಬ ಪ್ರಶ್ನೆಯನ್ನು ಒಂದು ಸ್ವಯಂಸೇವಾ ಸಂಸ್ಥೆ ದೆಹಲಿ ಹೈಕೋರ್ಟಿನ ಮುಂದಿಟ್ಟಿತು. ಅವರ ವಾಹನಗಳೂ ನೋಂದಣಿಯಾಗಿ ಸಂಖ್ಯೆಯನ್ನು ಪ್ರದರ್ಶಿಸಬೇಕೆಂದು 2018ರ ಜುಲೈಯಲ್ಲಿ ನ್ಯಾಯಾಲಯ ಆದೇಶಿಸಿತು. 1903ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನ ಮುಂದಿದ್ದ ಪ್ರಶ್ನೆಯೂ ಇದೇ ಅಲ್ಲವೇ?

ಇನ್ನು ನಮ್ಮ ಸಾಮಾನ್ಯ ಜನರ ಫಲಕ. ಭಾರತದಲ್ಲಿ ಅಕ್ಷರಗಳು ನಮ್ಮ ಆಯ್ಕೆಗೆ ಸಿಗವು. ರಾಜ್ಯ, ಆರ್‌ಟಿಓ ಕಚೇರಿ, ಸರಣಿ ಎಲ್ಲವೂ ನಿಗದಿತ. ಮಂಗಳೂರಿಗೆ ಕೆಎ 19, ಉಡುಪಿಗೆ 20, ಪುತ್ತೂರಿಗೆ 21. (ಮುಂಬಯಿಯ ಬೀದಿಯಲ್ಲಿ ಕೆಎ 19 ಕಂಡರೆ ನಮ್ಮವರ ಮುಖ ಅರಳುವುದನ್ನು ಯಾರು ತಾನೇ ನೋಡಿಲ್ಲ?) ಉಳಿಯುವುದು ಕೊನೆಯ ನಾಲ್ಕಂಕಿ. ಮದುವೆಯ ದಿನಾಂಕ, ಮಗುವಿನ ಹುಟ್ಟುಹಬ್ಬ, ಅಪ್ಪನ ಹಳೆಯ ಸ್ಕೂಟರಿನ ನಂಬರು, ಕೂಡಿಸಿದರೆ ಒಂಬತ್ತಾಗುವ ಮೊತ್ತ, ಹೀಗೆ ಪ್ರತಿ ಮನೆಗೂ ಒಂದೊಂದು ಕಾರಣ. ಎಂಟೆಂದರೆ ಹಿಂಜರಿಯುವವರೂ ಇದ್ದಾರೆ. ಅದಕ್ಕೆ ಯಾವ ಆಧಾರವೂ ಇಲ್ಲವೆಂದು ಬಲ್ಲವರೇ ಷೋರೂಮಿನವರಿಗೆ ಗುಟ್ಟಾಗಿ 'ಎಂಟು ಬಾರದಂತೆ ನೋಡಿಕೊಳ್ಳಿ' ಎನ್ನುವುದನ್ನು ಕಂಡಾಗ ನಗು ಬರುತ್ತದೆ. ಕೆಲಕಾಲ ಹಿಂದಿನವರೆಗೆ 8055 ಎಂಬುದನ್ನು ಓರೆಕೋರೆಯಾಗಿ ಬರೆಸಿ 'ಬಾಸ್' ಎಂದು ಓದಿಸುವ ಚಪಲವೂ ವ್ಯಾಪಕವಾಗಿತ್ತು. ಹಾಗೆ ಬರೆಸುವುದಕ್ಕೆ ಕಾನೂನಿನ ಒಪ್ಪಿಗೆ ಎಂದೂ ಇರಲಿಲ್ಲ. 2019ರ ಏಪ್ರಿಲ್ ಒಂದರಿಂದ ಹೊಸ ವಾಹನಗಳಿಗೆ ಅತಿಸುರಕ್ಷಿತ ಫಲಕ, ಅಂದರೆ ಎಚ್‌ಎಸ್‌ಆರ್‌ಪಿ, ಕಡ್ಡಾಯವಾಯಿತು. ಅದಕ್ಕೂ ಹಿಂದಿನ ವಾಹನಗಳಿಗೆ ಕರ್ನಾಟಕ ಸರಕಾರ 2023ರ ಆಗಸ್ಟ್‌ನಲ್ಲಿ ಆದೇಶ ಹೊರಡಿಸಿತು. ಒಂದೇ ಅಚ್ಚಿನ ಅಕ್ಷರ ಬಂದ ಮೇಲೆ ಬಣ್ಣಗಾರನ ಕೈಚಳಕಕ್ಕೆ ಅಲ್ಲಿ ಎಡೆಯಿಲ್ಲ.

ಹರಾಜಿನ ಕಾವು ಮಾತ್ರ ನಮ್ಮಲ್ಲಿಯೂ ಏರುತ್ತಿದೆ. 2022ರ ಏಪ್ರಿಲ್‌ನಲ್ಲಿ ಚಂಡೀಗಢದ ಒಬ್ಬರು ಸುಮಾರು 71 ಸಾವಿರ ರೂಪಾಯಿಯ ಸ್ಕೂಟರಿಗಾಗಿ 0001 ಸಂಖ್ಯೆಯನ್ನು 15 ಲಕ್ಷ 44 ಸಾವಿರ ರೂಪಾಯಿಗೆ ಕೊಂಡರು. 2025ರ ಏಪ್ರಿಲ್‌ನಲ್ಲಿ ಕೊಚ್ಚಿಯಲ್ಲಿ 0007ಕ್ಕೆ ಸುಮಾರು 46 ಲಕ್ಷ ರೂಪಾಯಿ ಬಂತು. ಅದೇ ವರ್ಷದ ನವೆಂಬರ್‌ನಲ್ಲಿ ಹರಿಯಾಣದಲ್ಲಿ 'ಎಚ್‌ಆರ್ 88 ಬಿ 8888' ಹರಾಜಿಗೆ ಬಂದಿತು. ಇಂಗ್ಲಿಷಿನ 'ಬಿ' ಅಕ್ಷರವೂ ಎಂಟರಂತೆಯೇ ಕಾಣುವುದರಿಂದ ಇಡೀ ಫಲಕವೇ ಎಂಟುಗಳ ಸಾಲು. 50 ಸಾವಿರ ರೂಪಾಯಿಯಿಂದ ಆರಂಭವಾದ ಕೂಗು 1 ಕೋಟಿ 17 ಲಕ್ಷ ರೂಪಾಯಿಗೆ ನಿಂತಿತು. ಪತ್ರಿಕೆಗಳು ಅದನ್ನು ದೇಶದ ಅತ್ಯಂತ ದುಬಾರಿ ನಂಬರೆಂದು ಕೊಂಡಾಡಿದವು. ಗಡುವಿನ ದಿನ ಬಂದಾಗ ಕೂಗಿದವರು ಹಣ ಕಟ್ಟಲಿಲ್ಲ. ಅವರ ಠೇವಣಿ ಮುಟ್ಟುಗೋಲಾಯಿತು. ಅಷ್ಟು ಕೂಗಲು ಆ ವ್ಯಕ್ತಿಗೆ ಆಸ್ತಿ ಆದಾಯಗಳು ಎಷ್ಟಿವೆಯೆಂದು ತನಿಖೆ ಮಾಡುವಂತೆ ರಾಜ್ಯದ ಸಾರಿಗೆ ಸಚಿವರು ಆದೇಶಿಸಿದರು. ಸಂಖ್ಯೆಯನ್ನು ಪುನಃ ಹರಾಜಿಗಿಡಲು ನಿರ್ಧಾರವಾಯಿತು.